ಸುಣ್ಣದ ತಿಳಿಗೆ ಇಳಿದ ನಾಲ್ಕನೆಯ ಹಾಳೆ

ಫೆಬ್ರವರಿಯ ಮೊದಲ ವಾರ ನಾಲ್ಕು ಕಲ್ಲಚ್ಚಿನ ಚಿತ್ರಗಳು ನಮ್ಮ ವರ್ಕ್‌ಶಾಪಿಗೆ ಬಂದವು. ತಂದವನು ಹಳೆಯ ಚಿತ್ರಗಳ ವ್ಯಾಪಾರಿ. ಜಾರ್ಜ್‌ಟೌನಿನ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಬಹಳ ವರ್ಷ ನೇತಾಡುತ್ತಿದ್ದವಂತೆ. ಮನೆಯವರು ಕಾಂಡೋ ಫ್ಲಾಟಿಗೆ ಹೋಗುತ್ತಿರುವುದರಿಂದ ಮಾರುತ್ತಿದ್ದಾರೆ, ಕೊಳ್ಳುವವರು ಕಾದಿದ್ದಾರೆ, ಮಾರ್ಚ್ ಮುಗಿಯುವುದರೊಳಗೆ ಶುಚಿಯಾಗಿ ಕೈಗೆ ಬರಬೇಕು ಎಂದು ಹೇಳಿ ಹೋದ.

ನಾಲ್ಕರಲ್ಲೂ ಇದ್ದದ್ದು ಈಜಿಪ್ಟಿನ ಪ್ರಾಚೀನ ದೇವಾಲಯಗಳು. ಸುಮಾರು ನೂರ ಎಂಬತ್ತು ವರ್ಷಗಳ ಹಿಂದೆ ಯುರೋಪಿನ ಚಿತ್ರಕಾರರು ನೈಲ್ ನದಿಯಲ್ಲಿ ದೋಣಿ ಹತ್ತಿ ಹೋಗಿ ಬರೆದುಕೊಂಡು ಬಂದದ್ದನ್ನು ಲಂಡನ್ನಿನ ಕುಶಲಕರ್ಮಿಗಳು ಕಲ್ಲಿನ ಮೇಲೆ ಎಣ್ಣೆಬಳಪದಲ್ಲಿ ತಿದ್ದಿ ಅಚ್ಚು ತೆಗೆಯುತ್ತಿದ್ದರು. ಒಂದು ಕಲ್ಲಿನಿಂದ ಕಪ್ಪು ಗೆರೆ, ಇನ್ನೊಂದರಿಂದ ಮರಳಿನ ಬಣ್ಣದ ತೆಳು ಲೇಪ, ಆಮೇಲೆ ಅಲ್ಲಲ್ಲಿ ಕೈಯಿಂದ ಜಲವರ್ಣ. ಮರಳಲ್ಲಿ ಅರ್ಧ ಹೂತ ಕಂಬಗಳು, ಇಳಿಬಿಸಿಲು, ಕಂಬದ ಬುಡದಲ್ಲಿ ಪೇಟ ಸುತ್ತಿಕೊಂಡು ಕೂತ ಗೇಣುದ್ದಕ್ಕೂ ಸಾಲದ ಮನುಷ್ಯರು. ಹಾಳುಬಿದ್ದದ್ದನ್ನು ಕಂಡು ನಿಟ್ಟುಸಿರು ಬಿಡುವುದು ಆ ಕಾಲದವರ ಚಾಳಿ. ನನಗೆ ಅಂಥ ನಿಟ್ಟುಸಿರಿನ ಕಾಯಿಲೆ ಇಲ್ಲ. ನನ್ನ ಕೆಲಸ ಕಾಗದದ್ದು. ಅದರ ಮೇಲೆ ದೇವಸ್ಥಾನವಿದ್ದರೂ ಒಂದೇ, ಸೋಪಿನ ಜಾಹೀರಾತಿದ್ದರೂ ಒಂದೇ.

ವರ್ಕ್‌ಶಾಪಿನಲ್ಲಿ ನಾವಿದ್ದದ್ದು ಮೂವರು. ಪೋರ್ಟ್ ಕ್ರೆಡಿಟ್ಟಿನ ಬಂದರಿನ ಹತ್ತಿರ ಒಂದು ಅಂಗಡಿಯ ಮೇಲಿನ ಮಹಡಿ. ಕಿಟಕಿಯಿಂದ ನೋಡಿದರೆ ಚಳಿಗಾಲಕ್ಕೆ ಬಿಳಿ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದ ದೋಣಿಗಳು. ಯಜಮಾನಿ ಈ ದೇಶದವರೇ, ಅರವತ್ತು ದಾಟಿದವರು, ಮಾತು ಕಡಿಮೆ. ನಾನು ಹನ್ನೆರಡು ವರ್ಷದಿಂದ ಕಾಗದದ ಹಿರಿಯ ದುರಸ್ತಿಗಾರ್ತಿ. ಮೂರನೆಯವಳು ಉಡುಪಿಯ ಕಡೆಯ ಹುಡುಗಿ. ಹುಡುಗಿ ಎಂದು ನಾನು ಕರೆಯುತ್ತಿದ್ದೆ ಅಷ್ಟೆ, ಅವಳಿಗೆ ಮೂವತ್ತೆರಡಾಗಿತ್ತು, ಊರಿನಲ್ಲಿ ಆರು ವರ್ಷದ ಮಗಳಿದ್ದಳು. ಇಲ್ಲಿಯ ಕಾಲೇಜಿನಲ್ಲಿ ಓದಿ, ವರ್ಕ್ ಪರ್ಮಿಟ್ಟಿನ ಮೇಲೆ ನಮ್ಮಲ್ಲಿ ಸೇರಿ ಒಂಬತ್ತು ತಿಂಗಳಾಗಿತ್ತು. ಇನ್ನು ಮೂರು ತಿಂಗಳು ಕೆಲಸ ಪೂರೈಸಿ, ಯಜಮಾನಿಯ ಕೈಯಿಂದ ಒಂದು ಒಳ್ಳೆಯ ಪತ್ರ ಸಿಕ್ಕರೆ ಪಿ.ಆರ್.ಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿಗೆ, ಅರ್ಜಿ ಹಾಕಬಹುದು, ಮಗಳನ್ನು ಕರೆಸಿಕೊಳ್ಳಬಹುದು. ಪರ್ಮಿಟ್ಟು ಮುಗಿಯಲು ನಾಲ್ಕೇ ತಿಂಗಳಿತ್ತು. ಇದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಳೆಂದರೆ, ಅವಳಿಗಿಂತ ನನಗೇ ಆ ತಾರೀಖು ಬಾಯಿಪಾಠವಾಗಿತ್ತು.

ಹಳೆಯ ಚಿತ್ರಗಳನ್ನು ಹಿಂದಿನ ರಟ್ಟಿನಿಂದ ಬಿಡಿಸುವುದು, ಗೋಧಿ ಅಂಟು ಕಾಯಿಸುವುದು, ಜಪಾನಿ ಕಾಗದದ ಪಟ್ಟಿ ಹಚ್ಚಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಕೈ ಬಹಳ ಚೆನ್ನಾಗಿತ್ತು. ಚೆನ್ನಾಗಿತ್ತೆಂದೇ ನನಗೆ ಅವಳನ್ನು ಕಂಡರೆ ಸ್ವಲ್ಪ ಉರಿ. ನಾನು ಐದು ವರ್ಷದಲ್ಲಿ ಕಲಿತ ಅಂಟಿನ ಹದವನ್ನು ಅವಳು ಎರಡನೆಯ ವಾರಕ್ಕೇ ಹಿಡಿದಿದ್ದಳು. ನೀರುದೋಸೆಯ ಹಿಟ್ಟಿನ ಹದ ಅಕ್ಕ, ಎಂದಿದ್ದಳು ನಗುತ್ತಾ.

ಮಧ್ಯಾಹ್ನ ಅವಳು ಡಬ್ಬಿ ಬಿಚ್ಚಿ ಅನ್ನ ಸಾರನ್ನು ಕೈಯಲ್ಲೇ ಕಲಸಿ ಉಣ್ಣುತ್ತಿದ್ದಳು. ಯಜಮಾನಿಗೆ ಅದು ಸೇರುತ್ತಿರಲಿಲ್ಲ. ಸಾರಿನ ವಾಸನೆ ಕಾಗದಕ್ಕೆ ಹತ್ತುತ್ತದೆ ಎಂಬ ನೆಪ ತೆಗೆದು ಅವಳನ್ನು ಮೆಟ್ಟಿಲಿನ ಮೇಲೆ ಕೂತು ಉಣ್ಣಲು ಹೇಳಿದ್ದರು. ಕಾಗದಕ್ಕೆ ಹಾಗೆಲ್ಲ ವಾಸನೆ ಹತ್ತುವುದಿಲ್ಲವೆಂದು ಹೇಳಬಲ್ಲವಳು ನಾನೊಬ್ಬಳೇ. ಹೇಳಲಿಲ್ಲ. ನಾನು ಮೊಸರನ್ನವನ್ನು ಚಮಚದಲ್ಲಿ ತಿನ್ನುವುದನ್ನು ಎಂದೋ ರೂಢಿ ಮಾಡಿಕೊಂಡಿದ್ದೆ, ಟೇಬಲ್ಲಿನ ಮುಂದೆ ಕೂತೇ ತಿನ್ನುತ್ತಿದ್ದೆ.

ನಾಲ್ಕು ಹಾಳೆಗಳನ್ನೂ ಮೊದಲು ಪರೀಕ್ಷಿಸಿದವಳು ನಾನು, ಅವಳು ಮುಟ್ಟುವ ಮುಂಚೆ. ಇದು ನೆನಪಿರಲಿ. ನಮ್ಮಲ್ಲಿ ಕ್ರಮ ಹೀಗೆ: ಮಾಮೂಲು ಬೆಳಕಿನಲ್ಲಿ ಒಂದು ಫೋಟೋ, ಓರೆ ಬೆಳಕಿನಲ್ಲಿ ಒಂದು, ಆಮೇಲೆ ಕೋಣೆ ಕತ್ತಲು ಮಾಡಿ ನೇರಳಾತೀತ ಕಿರಣದ ಯುವಿ ದೀಪದ ಕೆಳಗೆ ಒಂದು. ಆ ದೀಪದಡಿ ಕಾಗದದಲ್ಲಿ ಅಡಗಿದ್ದೆಲ್ಲ ಹೊರಬರುತ್ತದೆ. ಬೂಷ್ಟು ಒಂದು ಬಣ್ಣ, ಅಂಟು ಒಂದು ಬಣ್ಣ, ಎಣ್ಣೆಯ ಕೈ ತಾಗಿದ್ದು ಇನ್ನೊಂದು ಬಣ್ಣ. ಮೂರು ಹಾಳೆಗಳಲ್ಲಿ ಅಂಥದ್ದೇನೂ ಇರಲಿಲ್ಲ. ನಾಲ್ಕನೆಯದರಲ್ಲಿ, ದೇವಾಲಯದ ದೊಡ್ಡ ಬಾಗಿಲಿನ ಕೆಳಗೆ, ಹಳದಿಯೊಂದು ಪಳಪಳ ಹೊಳೆಯಿತು. ದೀಪ ಆರಿಸಿ ನೋಡಿದರೆ ಏನೂ ಇಲ್ಲ, ಮರಳಿನ ಬಣ್ಣದಲ್ಲಿ ಸೇರಿಹೋಗಿತ್ತು.

ಆಗ ಎರಡೂವರೆಯಾಗಿತ್ತು. ನನ್ನ ಮನೆ ಸ್ಟೌಫ್‌ವಿಲ್‌ನಲ್ಲಿ. ಪೋರ್ಟ್ ಕ್ರೆಡಿಟ್ಟಿನಿಂದ ಯೂನಿಯನ್ ಸ್ಟೇಷನ್ನಿಗೆ ಒಂದು ರೈಲು, ಅಲ್ಲಿಂದ ಇನ್ನೊಂದು. ಮೊದಲನೆಯದು ತಪ್ಪಿದರೆ ಎರಡನೆಯದೂ ತಪ್ಪುತ್ತದೆ. ಅವತ್ತು ಮಗನ ಶಾಲೆಯಲ್ಲಿ ಮೀಟಿಂಗಿತ್ತು. ಆ ಹೊಳಪಿಗೆ ನನಗೆ ತಕ್ಷಣ ಒಂದು ಹೆಸರು ಹೊಳೆಯಿತು: ಇಂಡಿಯನ್ ಯೆಲ್ಲೋ. ಮಾವಿನೆಲೆ ತಿಂದ ಹಸುಗಳ ಗಂಜಲದಿಂದ ಬಂಗಾಳದಲ್ಲಿ ತಯಾರಾಗುತ್ತಿತ್ತೆಂದು ಹೇಳುವ ಬಣ್ಣ. ಆ ಕಾಲದ ಜಲವರ್ಣದವರಿಗೆ ಪ್ರಿಯವಾದದ್ದು, ಯುವಿಯಲ್ಲಿ ಹೀಗೇ ಹೊಳೆಯುತ್ತದೆ. ಒಂದು ಹನಿ ಶುದ್ಧ ನೀರು ಹಾಕಿ, ಬ್ಲಾಟಿಂಗ್ ಪೇಪರ್ ಒತ್ತಿ ನೋಡಿದೆ. ಬಣ್ಣ ಬಿಡಲಿಲ್ಲ. ಕ್ರಮದ ಪ್ರಕಾರ ಸುಣ್ಣದ ತಿಳಿಯ ಒಂದು ಹನಿಯನ್ನೂ ಹಾಕಬೇಕಿತ್ತು, ಏಕೆಂದರೆ ಹಾಳೆ ಕೊನೆಗೆ ಇಳಿಯುವುದು ಅದಕ್ಕೇ. ಹಾಕಲಿಲ್ಲ. ಫಾರಂನಲ್ಲಿ ‘ಇಂಡಿಯನ್ ಯೆಲ್ಲೋ ಇರಬಹುದು, ನೀರಿಗೆ ಸ್ಥಿರ’ ಎಂದು ಬರೆದು, ನನ್ನ ಪಾಂಡಿತ್ಯಕ್ಕೆ ನಾನೇ ತಲೆದೂಗಿ, ಕೋಟು ಹಾಕಿಕೊಂಡು ಓಡಿದೆ.

ಸುಣ್ಣದ ತಿಳಿಯ ವಿಷಯ ಎರಡು ಮಾತು. ಹಳೆಯ ಕಾಗದ ಹುಳಿಯಾಗುತ್ತದೆ, ಕಂದುತ್ತದೆ, ಮಡಿಸಿದರೆ ಮುರಿಯುತ್ತದೆ. ಮೊದಲು ಶುದ್ಧ ನೀರಿನಲ್ಲಿ ತೊಳೆದು, ಆಮೇಲೆ ತೀರ ತೆಳುವಾದ ಸುಣ್ಣದ ನೀರಿನಲ್ಲಿ ಇಳಿಸಿದರೆ ಆ ಹುಳಿ ಸಾಯುತ್ತದೆ. ಕಲ್ಲಚ್ಚಿನ ಶಾಯಿ ಜಿಡ್ಡಿನದು, ನೀರಿಗೆ ಜಗ್ಗುವುದಿಲ್ಲ. ಕೈಬಣ್ಣ ಜಗ್ಗಬಹುದು, ಅದಕ್ಕೇ ಪರೀಕ್ಷೆ. ಊರಲ್ಲಿ ಎಲೆಯಡಿಕೆಗೆ ಬಳಸುವ ಸುಣ್ಣವನ್ನೇ ಇಲ್ಲಿ ಬಾಟಲಿಯ ಮೇಲೆ ದೊಡ್ಡ ಹೆಸರು ಅಂಟಿಸಿ ಮಾರುತ್ತಾರೆ.

ಉಡುಪಿಯವಳು ನಾಲ್ಕನ್ನೂ ರಟ್ಟಿನಿಂದ ಬಿಡಿಸಿದಳು. ಎರಡು ವಾರದ ಕೆಲಸ, ಒಂದು ಎಳೆಯೂ ಹರಿಯಲಿಲ್ಲ. ಮೂರು ಹಾಳೆಗಳು ಸರಾಗವಾಗಿ ಸ್ನಾನ ಮುಗಿಸಿದವು. ಆಕಾಶ ತಿಳಿಯಾಯಿತು, ಕಂಬಗಳ ನೆರಳಿಗೆ ಆಳ ಬಂತು. ಯಜಮಾನಿ ಬಂದು ನೋಡಿ ತಲೆಯಾಡಿಸಿ ಹೋದರು. ಅವರಿಂದ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ.

ನಾಲ್ಕನೆಯದು ಮಂಗಳವಾರ, ಊಟದ ನಂತರ. ಹಾಳೆಯನ್ನು ತೆಳು ಬಲೆಯ ಮೇಲಿಟ್ಟು ಎರಡು ಮೂಲೆ ಅವಳು, ಎರಡು ಮೂಲೆ ನಾನು ಹಿಡಿದು ತಟ್ಟೆಗೆ ಇಳಿಸಿದೆವು. ಶುದ್ಧ ನೀರಿನಲ್ಲಿ ಏನೂ ಆಗಲಿಲ್ಲ. ಸುಣ್ಣದ ತಿಳಿಗೆ ಇಳಿಸಿ ಹತ್ತು ಎಣಿಸುವಷ್ಟರಲ್ಲಿ ದೇವಾಲಯದ ಬಾಗಿಲಿನ ಬುಡ ಕೆಂಪಾಯಿತು. ಮೊದಲು ಗೆರೆ ಗೆರೆಯಾಗಿ, ಆಮೇಲೆ ಗೆರೆಗಳು ಕೂಡಿಕೊಂಡು ಮರಳಿನ ಮೇಲೆ ಹರಿದವು. ಆ ಕೆಂಪು ನನಗೆ ಹುಟ್ಟಿದಾಗಿನಿಂದ ಗೊತ್ತು. ಮದುವೆ ಮನೆಯಲ್ಲಿ ಆರತಿ ತಟ್ಟೆಗೆ ಅರಿಶಿನ ಸುಣ್ಣ ಕದಡಿ ಮಾಡುವ ಓಕುಳಿ ನೀರಿನ ಕೆಂಪು.

ನಾನು ಹಾಳೆಯನ್ನು ಬಿಟ್ಟು ಅವಳ ಮೇಲೆ ಹರಿಹಾಯ್ದೆ. ಅರಿಶಿನದ ಕೈಯಲ್ಲಿ ಮುಟ್ಟಿದೀಯ, ಮೆಟ್ಟಿಲ ಮೇಲೆ ಕೂತು ಕಲಸಿ ತಿಂದು ಹಾಗೇ ಬಂದಿದೀಯ, ನಿನ್ನಂಥೋರಿಂದಲೇ ನಮಗೆಲ್ಲ ಕೆಟ್ಟ ಹೆಸರು ಎಂದೆಲ್ಲ ಅಂದೆ. ಅಷ್ಟು ಹೊತ್ತೂ ಅವಳು ಬಲೆಯ ನಾಲ್ಕು ಮೂಲೆಯನ್ನೂ ಒಬ್ಬಳೇ ಒಟ್ಟು ಮಾಡಿ ಹಾಳೆಯನ್ನು ಮೇಲೆತ್ತಿ ಹಲಗೆಯ ಮೇಲಿಟ್ಟಳು. ಓಡಿಹೋಗಿ ಕಪಾಟಿನಿಂದ ನಿಂಬೆ ಉಪ್ಪು ತಂದು ನೀರಿಗೆ ಹಾಕಿ ಕದಡಿ ಮೇಲೆ ಸಿಂಪಡಿಸಿದಳು. ಹುಳಿ ಬಿದ್ದದ್ದೇ ಕೆಂಪು ಹಿಂದಕ್ಕೆ ಹಳದಿಗೆ ತಿರುಗಿತು. ನಾನು ಬೈಯುವುದನ್ನು ಮುಗಿಸುವ ಹೊತ್ತಿಗೆ ಹಾಳೆ ಉಳಿದಿತ್ತು. ಬಾಗಿಲ ಕೆಳಗಿಂದ ಅಂಚಿನವರೆಗೆ ನಾಲಿಗೆಯಂತೆ ಚಾಚಿದ ಒಂದು ಹಳದಿ ಕಲೆ ಮಾತ್ರ ನಿಂತಿತು.

ಗದ್ದಲಕ್ಕೆ ಯಜಮಾನಿ ಒಳಗಿನಿಂದ ಬಂದರು. ಏನು ಎಂದು ಕೇಳಿದರು. ಅರಿಶಿನ, ಎಂದೆ. ಊಟದ ಕೈ, ಎಂದೂ ಸೇರಿಸಿದೆ. ಅವರು ಉಡುಪಿಯವಳ ಉಗುರುಗಳನ್ನು ನೋಡಿದರು. ನಾಳೆ ಬೆಳಿಗ್ಗೆ ಮೂವರೂ ಕೂರೋಣ, ಅಷ್ಟರಲ್ಲಿ ಬರಹದಲ್ಲಿ ವರದಿ ಬೇಕು ಎಂದು ನನಗೆ ಹೇಳಿ ಹೋದರು.

ವರದಿ ಬರೆಯಲು ಕೂತು ಹಳೆಯ ಫೋಟೋಗಳನ್ನು ತೆರೆದೆ. ಯುವಿಯದ್ದನ್ನು ಅಂದು ಕ್ಯಾಮೆರಾದ ಹಿಂಬದಿಯ ಸಣ್ಣ ಪರದೆಯಲ್ಲಿ ನೋಡಿದ್ದೆ ಅಷ್ಟೆ. ಈಗ ದೊಡ್ಡದಾಗಿ ಕಂಡಿತು. ಹೊಳೆಯುತ್ತಿದ್ದದ್ದು ಬಿಸಿಲಿನ ಬಣ್ಣವಾಗಿರಲಿಲ್ಲ. ಬಾಗಿಲಿನ ಕೆಳಗೆ, ಸರಿಯಾಗಿ ಹೊಸ್ತಿಲಿನ ಉದ್ದಕ್ಕೆ, ಮೂರು ಬೆರಳಿನಲ್ಲಿ ಎಡದಿಂದ ಬಲಕ್ಕೆ ಎಳೆದ ಮೂರು ಗೆರೆ. ಗೆರೆಯ ಮೇಲೆ ಗೆರೆ, ಎಷ್ಟೋ ಸಲ ಎಳೆದದ್ದು. ಮೈಸೂರಿನ ನಮ್ಮ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ಅಮ್ಮ ಹೊಸ್ತಿಲು ತೊಳೆದು ಎಳೆಯುತ್ತಿದ್ದದ್ದು ಇದನ್ನೇ. ನಾನೂ ಎಳೆದಿದ್ದೇನೆ. ಕಣ್ಣೆದುರಿಗೆ ಹೊಸ್ತಿಲು, ಅದರ ಮೇಲೆ ಹಳದಿ. ಅದನ್ನು ಬಿಟ್ಟು ನನಗೆ ಬಂಗಾಳದ ಹಸುಗಳು ನೆನಪಾಗಿದ್ದವು.

ಯಾರು ಎಳೆದರೋ ಆಗ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಎರಡು. ಹಾಳೆ ನಮ್ಮಲ್ಲಿಗೆ ಬರುವ ಮುಂಚೆಯೇ ಅರಿಶಿನ ಇತ್ತು, ಹಾಗಾಗಿ ಅವಳದು ತಪ್ಪಿಲ್ಲ. ನಾನು ಅದನ್ನು ಕಂಡೂ ಸುಣ್ಣದ ಹನಿ ಹಾಕಿ ನೋಡಲಿಲ್ಲ, ಹಾಗಾಗಿ ತಪ್ಪು ನನ್ನದು.

ಸುಳ್ಳು ಹೇಳುವುದಿಲ್ಲ, ಬಹಳ ಹೊತ್ತೇನೂ ಯೋಚಿಸಲಿಲ್ಲ. ನನ್ನ ಹನ್ನೆರಡು ವರ್ಷದ ಹೆಸರು ಒಂದು ಕಡೆ ಇತ್ತು. ಇನ್ನೊಂದು ಕಡೆ ಅವಳಿಗೆ ಒಂದು ಬೈಗುಳ, ಹೆಚ್ಚೆಂದರೆ ಎಚ್ಚರಿಕೆಯ ಪತ್ರ ಎಂದುಕೊಂಡೆ. ಯಜಮಾನಿ ಎಂಥವರೆಂದು ತಿಳಿದಿದ್ದೂ ಹಾಗೆ ಅಂದುಕೊಂಡೆ. ಆ ಫೋಟೋವನ್ನು ನಾಲ್ಕನೆಯ ಹಾಳೆಯ ಕಡತದಿಂದ ತೆಗೆದು ನನ್ನದೇ ಬೇರೊಂದು ಕಡತಕ್ಕೆ ಹಾಕಿದೆ. ಪರೀಕ್ಷೆಯ ಫಾರಂ ಹೊಸದಾಗಿ ತುಂಬಿ, ಯುವಿಯ ಸಾಲಿನಲ್ಲಿ ‘ಗಮನಾರ್ಹವಾದದ್ದು ಇಲ್ಲ’ ಎಂದು ಬರೆದೆ. ವರದಿಯಲ್ಲಿ, ಬಿಡಿಸುವ ಹಂತದಲ್ಲಿ ಆಹಾರದ ಅರಿಶಿನ ತಗುಲಿರುವ ಸಂಭವವಿದೆ ಎಂದು ಬರೆದು ಸಹಿ ಹಾಕಿದೆ. ಸಂಭವ ಎಂಬ ಪದ ಹಾಕಿದ್ದಕ್ಕೆ ನನಗೆ ಸ್ವಲ್ಪ ಸಮಾಧಾನವೂ ಆಯಿತು.

ಮರುದಿನ ಬೆಳಿಗ್ಗೆ ರೈಲಿನಲ್ಲಿದ್ದಾಗ ಅವಳ ಮೆಸೇಜ್ ಬಂತು. ರಾತ್ರಿ ನಿದ್ದೆ ಬರಲಿಲ್ಲ, ಅರಶಿನದ ಕಲೆ ಬಿಸಿಲಿಗೆ ಇಟ್ಟರೆ ಹೋಗ್ತದೆ ಅಲ್ವಾ ಅಕ್ಕ, ಬಟ್ಟೆಯದ್ದು ಹೋಗುವ ಹಾಗೆ, ಲೈಟ್ ಹಾಕಿ ನೋಡುವನಾ ಎಂದಿತ್ತು. ಫೋನನ್ನು ಬ್ಯಾಗಿಗೆ ಹಾಕಿದೆ.

ಮೂವರೂ ಕೂತೆವು. ಯಜಮಾನಿ ನನ್ನ ವರದಿಯನ್ನು ಅವಳ ಮುಂದಿಟ್ಟು, ಹೇಳುವುದೇನಾದರೂ ಇದೆಯೇ ಎಂದು ಕೇಳಿದರು. ಅವಳು ಓದಿದಳು. ಇಂಗ್ಲಿಷು ಅವಳಿಗೆ ನನ್ನಷ್ಟೇ ಬರುತ್ತಿತ್ತು. ಆದರೂ ಅವಳು ನನ್ನ ಕಡೆಗೆ ತಿರುಗಿ ಕನ್ನಡದಲ್ಲಿ ಮಾತಾಡಿದಳು.

"ಅಕ್ಕ, ಇದು ಊಟದ ಅರಶಿನ ಅಲ್ಲ. ನಿನ್ನೆ ಕೆಂಪಾಗುವಾಗ ನಾನು ನೋಡಿದ್ದೇನೆ, ಮೂರು ಬೆರಳು ಸಾಲಾಗಿ ಉಂಟು. ಹೊಸ್ತಿಲಿಗೆ ಹಚ್ಚಿದ್ದು ಅದು. ಯಾರೋ ನಮ್ಮ ಕಡೆಯವ್ರೇ ಹಚ್ಚಿದ್ದು. ನಾನು ಹೇಳಿದ್ರೆ ಇವ್ರು ನಂಬುದಿಲ್ಲ. ನೀವು ಹೇಳಿ ಅಕ್ಕ, ನಿಮ್ಮ ಮಾತು ಕೇಳ್ತಾರೆ."

ಯಜಮಾನಿ ನನ್ನನ್ನು ನೋಡಿದರು. ಏನು ಹೇಳುತ್ತಿದ್ದಾಳೆ ಎಂದರು.

ಸಾರಿ ಕೇಳುತ್ತಿದ್ದಾಳೆ, ಎಂದೆ ಇಂಗ್ಲಿಷಿನಲ್ಲಿ.

ಉಡುಪಿಯವಳ ಬಾಯಿ ಅರ್ಧ ತೆರೆಯಿತು. ಈಗ ಸಿಡಿಯುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಬಾಯಿ ಮುಚ್ಚಿ, ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ಯಜಮಾನಿ ತಪ್ಪೊಪ್ಪಿಗೆ ಎಂದು ತೆಗೆದುಕೊಂಡಂತೆ ಕಂಡಿತು. ಎರಡು ವಾರದ ನೋಟೀಸು ಎಂದರು. ಮೂರು ಹಾಳೆಗಳನ್ನು ಚೌಕಟ್ಟಿಗೆ ಕೂರಿಸಿ ಹೋಗಬೇಕು, ನಾಲ್ಕನೆಯದನ್ನು ಮುಟ್ಟಕೂಡದು. ಪತ್ರದ ಮಾತು ಅವಳೇ ಎತ್ತಿದಳು, ಮೆಲ್ಲಗೆ. ಪತ್ರದಲ್ಲಿ ನಡೆದದ್ದನ್ನೇ ಬರೆಯಬೇಕಾಗುತ್ತದೆ, ಬೇಕಾದರೆ ಕೊಡುತ್ತೇನೆ ಎಂದರು ಯಜಮಾನಿ. ಅಂಥ ಪತ್ರ ಇದ್ದರೂ ಇಲ್ಲದಿದ್ದರೂ ಒಂದೇ.

ಆ ಎರಡು ವಾರ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೆಲಸ ಮಾಡಿದೆವು. ಅವಳು ಒಂದೂ ಕೆಟ್ಟ ಮಾತಾಡಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಹಗುರಾಗುತ್ತಿತ್ತು. ಅವಳು ಬೈಯದೆ ಇದ್ದದ್ದಕ್ಕೆ ನನಗೆ ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು. ಪಟ್ಟಿ ಓರೆಯಾಗಿದೆ ಎಂದು ಸರಿಯಿದ್ದ ಒಂದನ್ನು ಬಿಚ್ಚಿ ಮತ್ತೆ ಹಚ್ಚಿಸಿದೆ. ಅವಳು ಬಿಚ್ಚಿ ಮತ್ತೆ ಹಚ್ಚಿದಳು.

ಇತ್ತ ನಾನು ನಾಲ್ಕನೆಯ ಹಾಳೆಯ ಜೊತೆ ಗುದ್ದಾಡುತ್ತಿದ್ದೆ. ಅರಿಶಿನ ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಆದರೆ ಸ್ಪಿರಿಟ್ಟು ಕಲ್ಲಚ್ಚಿನ ಜಿಡ್ಡು ಶಾಯಿಯನ್ನೂ ಎಳೆಯಬಹುದು. ಅಂಚಿನಲ್ಲಿ ಹತ್ತಿಯ ಕಡ್ಡಿಯಿಂದ ತಾಗಿಸಿ ನೋಡಿದೆ, ಹತ್ತಿ ಬೂದುಬಣ್ಣಕ್ಕೆ ತಿರುಗಿತು. ಬಿಟ್ಟೆ. ಕೊನೆಗೆ ಉಳಿದದ್ದು ಅವಳ ಮೆಸೇಜಿನ ದಾರಿ. ಫೆಬ್ರವರಿಯ ಬಿಸಿಲಿನಿಂದ ಏನೂ ಆಗುವುದಿಲ್ಲ, ದೀಪವೇ ಬೇಕು. ಕೈಬಣ್ಣ ಹಾಕಿದ ಜಾಗಗಳು ಮಾಸದಂತೆ ಕಪ್ಪು ರಟ್ಟನ್ನು ಕತ್ತರಿಸಿ ಮುಚ್ಚಿದೆ. ಪೇಟದವರು, ಆಕಾಶ, ಬಾಗಿಲ ಮೇಲೆ ಕೆತ್ತಿದ ನೀಲಿ ರೆಕ್ಕೆ ಎಲ್ಲ ಕತ್ತಲಲ್ಲಿ. ಕಲೆಯ ಆಕಾರಕ್ಕೆ ಸರಿಯಾಗಿ ಒಂದು ಕಿಂಡಿ ಬಿಟ್ಟೆ. ಹಾಳೆಯನ್ನು ತೆಳು ನೀರಿನಲ್ಲಿ ಮಲಗಿಸಿ, ಯುವಿ ಸೋಸುವ ಗಾಜಿನ ಕೆಳಗೆ ದಿನಕ್ಕೆ ನಾಲ್ಕು ಗಂಟೆ ಬೆಳಕು, ಆಮೇಲೆ ಒತ್ತಿ ಒಣಗಿಸುವುದು, ಮರುದಿನ ಮತ್ತೆ. ಮೂರನೆಯ ದಿನಕ್ಕೆ ಅಂಚು ಮಸುಕಾಯಿತು. ಏಳನೆಯ ದಿನ ನಾಲಿಗೆ ಹಿಂದಕ್ಕೆ ಸರಿದು ಹೊಸ್ತಿಲಿನವರೆಗೆ ಬಂತು. ಹನ್ನೊಂದನೆಯ ದಿನ ಏನೂ ಇರಲಿಲ್ಲ. ಸುಣ್ಣದ ತಿಳಿಯ ಒಂದು ಹನಿ ಹಾಕಿ ನೋಡಿದೆ, ಈ ಸಲ ಮರೆಯದೆ. ಕೆಂಪಾಗಲಿಲ್ಲ.

ಹನ್ನೊಂದನೆಯ ದಿನವೆಂದರೆ ಅವಳಿಗೆ ಇನ್ನೂ ಮೂರು ದಿನ ಕೆಲಸವಿತ್ತು. ಕಲೆಯೇ ಹೋಯಿತಲ್ಲ, ಅವಳನ್ನು ಉಳಿಸಿಕೊಳ್ಳಬಹುದಲ್ಲ ಎಂದು ಯಜಮಾನಿಯನ್ನು ಕೇಳಬಹುದಿತ್ತು. ಬಾಗಿಲವರೆಗೆ ಹೋದೆ ಕೂಡ. ಹಾಳೆ ನೋಡಿ ಅವರು ಬಹಳ ಒಳ್ಳೆಯ ಕೆಲಸ ಎಂದರು, ಹನ್ನೆರಡು ವರ್ಷದಲ್ಲಿ ಮೊದಲ ಸಲ. ನಾನು ಥ್ಯಾಂಕ್ಸ್ ಹೇಳಿ ವಾಪಸು ಬಂದೆ. ಉಪಚಾರದ ವರದಿಯಲ್ಲಿ ಬೆಳಕಿನ ವಿಧಾನ ನನ್ನದೆಂದೇ ಬರೆದೆ.

ಕೊನೆಯ ದಿನ ಅವಳು ತನ್ನ ಬ್ರಷ್ಷುಗಳನ್ನು ತೊಳೆದು ಪೇಪರ್ ಟವೆಲ್ಲಿನಲ್ಲಿ ಸುತ್ತಿಕೊಂಡಳು. ಬರ್ತೇನೆ ಅಕ್ಕ, ಎಂದಳು. ಮೆಟ್ಟಿಲಿಳಿಯುವ ಸದ್ದು ಕೇಳಿತು. ನಾಲ್ಕನೆಯ ಹಾಳೆಗೆ ಅವಳು ಮೊದಲೇ ಕತ್ತರಿಸಿಟ್ಟಿದ್ದ ರಟ್ಟಿನ ಚೌಕಟ್ಟು ನನ್ನ ಮೇಜಿನ ಮೇಲಿತ್ತು. ಅಳತೆ ಒಂದು ಕೂದಲಷ್ಟೂ ಆಚೀಚೆ ಇರಲಿಲ್ಲ. ಅದನ್ನೇ ಬಳಸಿದೆ.

ಮಾರ್ಚ್ ಕೊನೆಗೆ ವ್ಯಾಪಾರಿ ಚಿತ್ರಗಳನ್ನು ಒಯ್ಯಲು ಬಂದಾಗ ಜೊತೆಗೆ ಜಾರ್ಜ್‌ಟೌನಿನ ಮನೆಯ ಹೆಂಗಸೂ ಬಂದಿದ್ದರು. ಕಡೆಯ ಸಲ ನೋಡಬೇಕೆಂದು ಹಟ ಮಾಡಿದರಂತೆ. ಉದ್ದನೆಯ ಕೋಟು, ಉಣ್ಣೆಯ ಟೋಪಿ. ಟೋಪಿ ತೆಗೆದಾಗ ಹಣೆಯಲ್ಲಿ ಕುಂಕುಮ ಕಂಡಿತು. ನನ್ನ ಕತ್ತಿನ ಕರಿಮಣಿ ನೋಡಿ ನೀವು ಕನ್ನಡದೋರಾ ಎಂದರು. ಹೌದು ಎಂದೆ.

ಅವರು ನಾಲ್ಕನೆಯದರ ಮುಂದೆ ನಿಂತು ಕನ್ನಡಕ ಹಾಕಿಕೊಂಡು ಬಗ್ಗಿದರು. ಆ ಕಡೆಯಿಂದ ಈ ಕಡೆಯಿಂದ ನೋಡಿದರು. ಆಮೇಲೆ ಹೇಳತೊಡಗಿದರು. ಮನೆ ಕೊಂಡಾಗ ಚಿತ್ರಗಳು ಮನೆಯ ಜೊತೆಗೇ ಬಂದದ್ದು. ಬೇಸ್‌ಮೆಂಟು ರಿಪೇರಿ ಮಾಡಿಸುವಾಗ ಇದೊಂದರ ಗಾಜು ಒಡೆಯಿತು, ಮತ್ತೆ ಹಾಕಿಸಲಿಲ್ಲ.

"ನಮ್ಮತ್ತೆ ಇದ್ದಷ್ಟು ದಿನ ಅಲ್ಲೇ ಇದ್ರು. ಶುಕ್ರವಾರ ಶುಕ್ರವಾರ ಇದರ ಹೊಸ್ತಿಲಿಗೆ ಅರಿಶಿನ ಹಚ್ಚೋರು. ಅತ್ತೆ, ಇದು ಈಜಿಪ್ಟಿಂದು, ನಮ್ಮ ದೇವರಲ್ಲ ಅಂದ್ರೆ, ದೇವರು ಯಾರಾದ್ರೇನು, ಹೊಸ್ತಿಲು ಬರಿದಾಗಿರಬಾರದು ಅನ್ನೋರು. ಅವ್ರು ಹೋಗಿ ನಾಲ್ಕು ವರ್ಷ ಆಯ್ತು. ಅವ್ರ ಬೆರಳಿಂದು ಅಂತ ಉಳಿದಿದ್ದು ಅದೊಂದೇ. ಮಾರೋ ಮುಂಚೆ ಒಂದ್ಸಲ ನೋಡ್ಕೊಂಡು ಹೋಗೋಣಾಂತ ಬಂದೆ. ಈಗ ಕಾಣಿಸ್ತಾನೇ ಇಲ್ವಲ್ಲ, ತೊಳೆದುಬಿಟ್ರಾ?"

ಸೂಕ್ಷ್ಮವಾಗಿ ನೋಡಿದರೂ ಮೊದಲು ಅಷ್ಟಾಗಿ ಕಾಣುತ್ತಿರಲಿಲ್ಲ ಎಂದು ಏನೋ ತೊದಲಿದೆ. ಅವರು ಕಣ್ಣೊರೆಸಿಕೊಂಡದ್ದನ್ನು ಕಂಡು ಯಜಮಾನಿ ಹತ್ತಿರ ಬಂದರು. ಹೆಂಗಸು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು: ಅತ್ತೆ, ಶುಕ್ರವಾರ, ಮೂರು ಬೆರಳು. ಯಜಮಾನಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಮಾಮೂಲು ಸ್ವರದಲ್ಲಿ, ಮೊದಲ ದಿನ ತೆಗೆದ ಯುವಿ ಫೋಟೋವನ್ನು ಇವರಿಗೆ ಪ್ರಿಂಟ್ ಮಾಡಿಕೊಡು, ಅದರಲ್ಲಿ ಬೆರಳುಗಳು ಚೆನ್ನಾಗಿ ಬಂದಿವೆ ಎಂದರು.

ನಾನು ಹೋಗಿ ಪ್ರಿಂಟ್ ತೆಗೆದೆ. ಕಪ್ಪು ಹಿನ್ನೆಲೆಯಲ್ಲಿ ಮೂರು ಹಳದಿ ಗೆರೆ ಕಂಡು ಆ ಹೆಂಗಸು ಅಳುತ್ತಲೇ ನಕ್ಕರು, ನನ್ನ ಎರಡೂ ಕೈ ಹಿಡಿದು ನೀವು ದೊಡ್ಡ ಉಪಕಾರ ಮಾಡಿದ್ರಿ ಎಂದರು. ಕೈ ಬಿಡಿಸಿಕೊಳ್ಳಲೂ ಆಗಲಿಲ್ಲ.

ಅವರು ಹೋದ ಮೇಲೆ, ಆ ಫೋಟೋವನ್ನು ಯಾವಾಗ ನೋಡಿದಿರಿ ಎಂದು ಯಜಮಾನಿಯನ್ನು ಕೇಳಿದೆ. ಆ ಮಂಗಳವಾರವೇ, ಎಂದರು. ಕ್ಯಾಮೆರಾದ ಫೋಟೋಗಳೆಲ್ಲ ತಮ್ಮ ಕಂಪ್ಯೂಟರಿಗೂ ಒಂದು ಪ್ರತಿ ಬರುತ್ತವೆ, ನೀನು ಅದನ್ನು ಮರೆತಿದ್ದೆ ಎಂದರು. ಹಾಗಿದ್ದರೆ ಅವಳನ್ನು ಏಕೆ ತೆಗೆದಿರಿ ಎಂದೆ. ಸ್ವರ ಏರಿತ್ತು. ಅವರು ಮೇಜಿನ ಮೇಲಿನ ದೂಳನ್ನು ಅಂಗೈಯಿಂದ ಸರಿಸುತ್ತಾ ಹೇಳಿದರು. ಇಬ್ಬರಲ್ಲಿ ಒಬ್ಬರು ಹೋಗಬೇಕಿತ್ತು, ವ್ಯಾಪಾರಿಗೆ ಒಂದು ಹೆಸರು ಹೇಳಬೇಕಿತ್ತು. ರಟ್ಟು ಬಿಡಿಸುವವರು ಇನ್ನೊಬ್ಬರು ಸಿಗುತ್ತಾರೆ, ನಿನ್ನಂಥವಳು ಬೇಗ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ನೀನು ಬಾಯಿಬಿಟ್ಟು ಹೇಳಿದ್ದರೆ ನನಗೆ ಕಷ್ಟವಾಗುತ್ತಿತ್ತು. ನೀನು ಹೇಳಲಿಲ್ಲ. ಇಷ್ಟು ಹೇಳಿ, ಮುಂದಿನ ವಾರ ಬರುವ ನಕಾಶೆಗಳಿಗೆ ಬ್ಲಾಟಿಂಗ್ ಪೇಪರ್ ಸಾಕಷ್ಟಿದೆಯೇ ಎಂದು ಕೇಳಿದರು. ಇದೆ ಎಂದೆ.

ಸಂಜೆ ಪೋರ್ಟ್ ಕ್ರೆಡಿಟ್ಟಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಉಡುಪಿಯವಳಿಗೆ ಫೋನ್ ಮಾಡಿದೆ. ಎತ್ತುವುದಿಲ್ಲ ಎಂದುಕೊಂಡಿದ್ದೆ, ಎತ್ತಿದಳು. ಒಂದು ಗೋಡೌನಿನಲ್ಲಿ ಡಬ್ಬ ಕಟ್ಟುವ ಶಿಫ್ಟಿನಲ್ಲಿದ್ದಳು, ಹಿಂದೆ ಯಂತ್ರದ ಸದ್ದು. ಆ ಕೆಲಸ ಅರ್ಜಿಗೆ ಲೆಕ್ಕಕ್ಕೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಜಾರ್ಜ್‌ಟೌನಿನ ಅತ್ತೆಯ ಕಥೆ ಹೇಳಿದೆ. ನೀನು ಹೇಳಿದ್ದು ಸರಿ, ಹೊಸ್ತಿಲಿನ ಅರಿಶಿನವೇ ಅದು ಎಂದೆ. ನಿಜವನ್ನು ಬರೆದು ನಾನೇ ಒಂದು ಪತ್ರ ಕೊಡುತ್ತೇನೆ ಎಂದೆ.

ಊರಿಗೆ ಟಿಕೆಟ್ ಆಯಿತು ಅಕ್ಕ, ಮೇ ತಿಂಗಳಿಗೆ, ಎಂದಳು. ಮಗಳಿಗೆ ಹೇಳಿಯೂ ಆಗಿದೆ, ನೀನು ಬರುವುದಲ್ಲ, ಅಮ್ಮನೇ ಬರುವುದು ಅಂತ. ಕಲೆ ಹೋಯಿತಾ ಎಂದು ಕೇಳಿದಳು. ಹೋಯಿತು ಎಂದೆ. ಲೈಟ್ ಇಟ್ಟಿರಾ ಎಂದಳು. ಹೂಂ ಎಂದೆ.

"ಆವತ್ತು ನೀವು ಸಾರಿ ಅಂದ್ರಲ್ಲ ಅಕ್ಕ, ನನ್ನ ಕೆಲ್ಸ ಉಳಿಸ್ಲಿಕ್ಕೆ ಹಾಗೆ ಹೇಳಿದ್ದು ಅಂದ್ಕೊಂಡೆ. ಅದಕ್ಕೆ ಸುಮ್ಮನೆ ಕೂತೆ. ಮನೆಗೆ ಹೋದ ಮೇಲೆ ಗೊತ್ತಾಯ್ತು. ನನ್ನ ಹೆಸರಲ್ಲಿ ಸಾರಿ ಹೇಳಿದ್ರಿ. ಈಗ ಒಂದ್ಸಲ ನಿಮ್ಮ ಹೆಸರಲ್ಲಿ ಹೇಳಿ, ನನಗೆ ಕೇಳ್ಬೇಕು."

ಹೇಳುತ್ತೇನೆ, ಅದಕ್ಕೆ ಮುಂಚೆ ನೀನು ಒಂದು ವಿಷಯ ತಿಳಿದುಕೋ, ಎಂದು ಶುರು ಮಾಡಿದೆ. ಯಜಮಾನಿಗೆ ಮೊದಲಿಂದಲೂ ಗೊತ್ತಿತ್ತು ಎಂದೆ. ನಾನು ಹೇಳಿದ್ದರೂ ಇಬ್ಬರಲ್ಲಿ ಒಬ್ಬರು ಹೋಗಲೇಬೇಕಿತ್ತು ಎಂದೆ. ಅಂದು ಮಗನ ಶಾಲೆಯ ಮೀಟಿಂಗಿತ್ತು, ರೈಲು ತಪ್ಪುತ್ತಿತ್ತು ಎಂದೆ. ನಲವತ್ತೇಳರ ವಯಸ್ಸಿಗೆ ಈ ಊರಿನಲ್ಲಿ ಇನ್ನೊಂದು ಕೆಲಸ ಹುಡುಕುವುದೆಂದರೆ ಏನೆಂದು ನಿನಗೆ ಗೊತ್ತಿಲ್ಲ ಎಂದೆ. ರೈಲು ಬಂತು, ಹತ್ತಿದೆ, ಕಿಟಕಿಯ ಪಕ್ಕ ಸೀಟು ಹಿಡಿದೆ, ಇನ್ನೂ ಹೇಳುತ್ತಲೇ ಇದ್ದೆ. ಆ ಕಡೆಯಿಂದ ಹೂಂಗುಟ್ಟುವ ಸದ್ದಿಲ್ಲವೆಂದು ಫೋನನ್ನು ಕಿವಿಯಿಂದ ತೆಗೆದು ನೋಡಿದರೆ ಕರೆ ಯಾವಾಗಲೋ ಕಡಿದುಹೋಗಿತ್ತು. ಅವಳು ಕೇಳಿದ್ದ ಆ ಒಂದು ಮಾತನ್ನು ನಾನಿನ್ನೂ ಹೇಳಿರಲಿಲ್ಲ.